ನಮೀಬಿಯಾಕ್ಕೆ ಹೊರಟು ದೊಡ್ಡಬಳ್ಳಾಪುರದಲ್ಲಿ ಇಳಿದೆವು

ಹಾಸ್ಟೆಲ್ಲಿನಲ್ಲಿ ರಾತ್ರಿ ಹತ್ತು ಗಂಟೆ ಅಂದ್ರೆ ನಮೀಬಿಯಾದಲ್ಲಿ ಸಂಜೆ ಆರೂವರೆ. ಈ ಲೆಕ್ಕ ನಮ್ಮ ರೂಮಿನ ನಾಲ್ಕೂ ಜನಕ್ಕೆ ಬಾಯಿಪಾಠ. ಆಫ್ರಿಕಾದ ನೈಋತ್ಯ ಮೂಲೆಯ ನಮೀಬ್ ಮರುಭೂಮಿಯಲ್ಲಿ ಒಂದು ನೀರಿನ ಹೊಂಡ ಇದೆ. ಅದರ ಎದುರು ಯಾರೋ ಪುಣ್ಯಾತ್ಮರು ಕ್ಯಾಮೆರಾ ನಿಲ್ಲಿಸಿ ಯೂಟ್ಯೂಬಿನಲ್ಲಿ ಹಗಲೂ ರಾತ್ರಿ ಲೈವ್ ಬಿಟ್ಟಿದ್ದಾರೆ. ಮೆಸ್ ಊಟ ಮುಗಿಸಿ ಬಂದು ಲ್ಯಾಪ್‌ಟಾಪನ್ನು ಬಕೆಟ್ ಮೇಲೆ ಇಟ್ಟರೆ ನಮ್ಮ ಸಫಾರಿ ಶುರು. ಮೊದಮೊದಲು ಬರೀ ಮಣ್ಣು ಕಾಣುತ್ತೆ. ಹತ್ತು ನಿಮಿಷ ಏನೂ ಆಗೋದಿಲ್ಲ. ಆಮೇಲೆ ಎಲ್ಲಿಂದಲೋ ಎರಡು ಉದ್ದ ಸರಳು ನೆಟ್ಟ ಹಾಗೆ ಕೊಂಬು ಹೊತ್ತ ಓರಿಕ್ಸ್ ಬಂದು, ಸುತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ನೀರು ಕುಡಿಯುತ್ತೆ. ನಾವು ನಾಲ್ಕು ಜನ ಉಸಿರು ಬಿಗಿ ಹಿಡಿದು ಕೂರುತ್ತೇವೆ. ಇಂಟರ್ನಲ್ಸ್ ಹಿಂದಿನ ದಿನವೂ ಇಷ್ಟು ಏಕಾಗ್ರತೆ ನಮ್ಮಲ್ಲಿ ಇರೋದಿಲ್ಲ.

ನಮ್ಮಲ್ಲಿ ಮೂವರು ಸಿವಿಲ್, ಒಬ್ಬ ಮೆಕ್ಯಾನಿಕಲ್. ಹೆಸರಿಗಿಂತ ಊರಿನಿಂದಲೇ ಕರೆದುಕೊಳ್ಳುವ ಅಭ್ಯಾಸ: ಕೊಪ್ಪಳ, ಮಂಡ್ಯ, ಹಾಸನ, ದೊಡ್ಡಬಳ್ಳಾಪುರ. ಹಾಸನದವನೇ ಮೆಕ್ಯಾನಿಕಲ್. ಓರಿಕ್ಸ್ ಬಗ್ಗೆ ಓದಿಕೊಂಡು ಬಂದವನೂ ಅವನೇ. ಸುಡುಬಿಸಿಲಿನಲ್ಲಿ ಅದು ಬೆವರೋದನ್ನ ಮುಂದೂಡಿ ಮೈ ಬಿಸಿಯನ್ನೇ ಏರಲು ಬಿಡುತ್ತಂತೆ, ನೀರು ಉಳೀಲಿ ಅಂತ. ಮಿದುಳಿಗೆ ಹೋಗುವ ಬಿಸಿ ರಕ್ತದ ಸಣ್ಣ ನಾಳಗಳು ಮೂಗಿನಿಂದ ತಣ್ಣಗಾಗಿ ಬರುವ ರಕ್ತದ ಪಕ್ಕದಲ್ಲೇ ಹಾದು ಹೋಗುತ್ತವೆ. "ಲೋ, ಇದು ಪಕ್ಕಾ ಕೌಂಟರ್-ಫ್ಲೋ ಹೀಟ್ ಎಕ್ಸ್‌ಚೇಂಜರ್! ಈ ಉದಾಹರಣೆ ಕ್ಲಾಸಲ್ಲಿ ಹೇಳಿದ್ರೆ ನಾನು ಆ ಸಬ್ಜೆಕ್ಟ್ ಕ್ಲಿಯರ್ ಮಾಡ್ತಿದ್ದೆ" ಅಂತ ಅವನ ಗೋಳು. ನಮೀಬಿನ ಕರಾವಳಿ ಕಡೆ ವರ್ಷಕ್ಕೆ 20 ಮಿಲಿಮೀಟರ್ ಮಳೆಯೂ ಬೀಳದ ಜಾಗಗಳಿವೆ. ಅಲ್ಲಿಯ ಕೆಲವು ಜೀರುಂಡೆಗಳು ಬೆಳಗಿನ ಮಂಜಿಗೆ ಬೆನ್ನೆತ್ತಿ ತಲೆಕೆಳಗಾಗಿ ನಿಂತು, ಮೈಮೇಲೆ ಕಟ್ಟಿದ ಹನಿಯನ್ನು ಬಾಯಿಗೆ ಇಳಿಸಿಕೊಳ್ಳುತ್ತವೆ. ಹಾಸ್ಟೆಲ್ ನಲ್ಲಿಯಲ್ಲಿ ನೀರು ನಿಂತ ದಿನ ನಮಗೆ ಈ ಜೀರುಂಡೆ ನೆನಪಾಗುತ್ತೆ.

ಹೋಗೇಬಿಡೋಣ ಅಂತ ಒಂದು ರಾತ್ರಿ ತೀರ್ಮಾನವಾಯಿತು. ಎಕ್ಸೆಲ್ ಶೀಟ್ ತೆರೆದು ವಿಮಾನ, ವೀಸಾ, ಸಫಾರಿ ಗಾಡಿ, ಟೆಂಟು ಎಲ್ಲ ಹಾಕಿ ಕೂಡಿದೆವು. ತಲಾ ಎಷ್ಟು ಅಂತ ನೋಡಿದ ಮೇಲೆ ಶೀಟನ್ನು ಸೇವ್ ಕೂಡ ಮಾಡಲಿಲ್ಲ. ಆಗ ದೊಡ್ಡಬಳ್ಳಾಪುರದವನು, ಮಾತು ಕಮ್ಮಿ ಅವನದು, ಮೆಲ್ಲಗೆ ಅಂದ: "ನಮ್ಮೂರಿಗೆ ಬನ್ನಿ. ತಾತ ಕುರಿ ಮೇಯಿಸ್ತಾರೆ. ಏನಾದ್ರೂ ತೋರಿಸ್ತಾರೆ."

ನಾವು ನಕ್ಕೆವು. ಫೆಬ್ರವರಿಯಲ್ಲಿ ನಮ್ಮ ಸರ್ವೆ ಕ್ಯಾಂಪ್ ನಡೆದದ್ದು ಅವನ ಊರ ಹತ್ತಿರವೇ. ಟೋಟಲ್ ಸ್ಟೇಷನ್ ಹೊತ್ತುಕೊಂಡು ಎಂಟು ದಿನ ಆ ಬಯಲನ್ನೆಲ್ಲ ತುಳಿದಿದ್ದೆವು. ಬೀದಿ ನಾಯಿ, ನೀಲಗಿರಿ ತೋಪು, ಮುಳ್ಳು. "ನಿಮ್ಮೂರಲ್ಲಿ ಏನಿದೆ ಗುರೂ, ಕಾಂಟೂರ್ ಕೂಡ ಸರಿಯಾಗಿ ಬರ್ಲಿಲ್ಲ" ಅಂದ ಮಂಡ್ಯ. ಆದರೂ ಮೆಸ್ಸಿನ ಭಾನುವಾರದ ಪಲಾವ್ ತಪ್ಪಿಸಿಕೊಳ್ಳಬಹುದು ಅನ್ನೋ ಒಂದೇ ಕಾರಣಕ್ಕೆ ಮಾರ್ಚಿನ ಒಂದು ಶನಿವಾರ ಹೊರಟೆವು.

ಪ್ಲಾನ್ ಹೀಗಿತ್ತು: ಶನಿವಾರ ಮೈದನಹಳ್ಳಿಯ ಕೃಷ್ಣಮೃಗ, ರಾತ್ರಿ ಗೆಳೆಯನ ಮನೆ, ಭಾನುವಾರ ಬೆಳಗ್ಗೆ ತಾತನ ಜೊತೆ. ದೊಡ್ಡಬಳ್ಳಾಪುರದಲ್ಲಿ ಬೆಳಗಿನ ರೈಲು ಹತ್ತಿದರೆ ಮಾಕಳಿದುರ್ಗದ ಬೆಟ್ಟದ ಮಗ್ಗುಲಲ್ಲೇ ಹಾದು ಗೌರಿಬಿದನೂರು. ಆ ಬೆಟ್ಟದ ತಿರುವಿನಲ್ಲಿ ಕಿಟಕಿ ಪಕ್ಕ ಕೂರೋದಕ್ಕೆ ಜಗಳ ಆಡಲೇಬೇಕು, ಅಷ್ಟು ಚೆಂದ. ಅಲ್ಲಿಂದ ಬಸ್ಸು, ಆಮೇಲೆ ಆಟೋ. ಮೈದನಹಳ್ಳಿ ಇರೋದು ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡು. ಸರ್ಕಾರ 2007ರಲ್ಲಿ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ವಿಸ್ತಾರ ಸುಮಾರು 800 ಎಕರೆ. ನಮೀಬಿಯಾದ ಎಟೋಶ ರಾಷ್ಟ್ರೀಯ ಉದ್ಯಾನ 22,000 ಚದರ ಕಿಲೋಮೀಟರ್‌ಗಿಂತ ದೊಡ್ಡದು, ಅದರೊಳಗಿನ ಉಪ್ಪಿನ ಬಯಲೇ ನಮ್ಮ ಒಂದು ಜಿಲ್ಲೆಯಷ್ಟಿದೆ. ನಮ್ಮದರಲ್ಲಿ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಹೊಲದವನು ಓಗೊಡುತ್ತಾನೆ.

ಆದರೆ ವಾಚ್ ಟವರ್ ಹತ್ತಿ ನಿಂತಾಗ ನಮಗೆ ನಗು ಬರಲಿಲ್ಲ. ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ದೂರಕ್ಕೆ ಒಂದೊಂದು ಮುಳ್ಳಿನ ಮರ. ಲ್ಯಾಪ್‌ಟಾಪಿನಲ್ಲಿ ದಿನಾ ನೋಡುತ್ತಿದ್ದದ್ದೇ ಇಲ್ಲಿ ಬಂದು ಹರಡಿದ ಹಾಗಿತ್ತು. ಹುಲ್ಲಿನ ಒಳಗಿಂದ ಮೊದಲು ಎದ್ದದ್ದು ತಿರುಚಿದ ಎರಡು ಕೊಂಬು. ಕಪ್ಪು ಗಂಡು, ಹೊಟ್ಟೆ ಬಿಳಿ, ಕಣ್ಣ ಸುತ್ತ ಬಿಳಿ ಬಳೆ. ಅದರ ಹಿಂದೆ ಕಂದು ಬಣ್ಣದ ಹೆಣ್ಣುಗಳು, ಎಣಿಸುತ್ತಾ ಹೋಗಿ ಇಪ್ಪತ್ತಮೂರಕ್ಕೆ ತಪ್ಪಿದೆವು. ಎಲ್ಲೋ ಒಂದು ಬೈಕ್ ಸದ್ದಾಯಿತು ನೋಡಿ, ಹಿಂಡಿಗೆ ಹಿಂಡೇ ನೆಗೆಯಿತು. ಓಡೋದಲ್ಲ ಅದು. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಮತ್ತೆ ನೆಲ ಮುಟ್ಟಿ ಚಿಮ್ಮೋದು. ನಮೀಬಿನ ಸ್ಪ್ರಿಂಗ್‌ಬಾಕ್ ಕೂಡ ಹೀಗೇ ಪುಟಿಯುತ್ತೆ. ಕೊಪ್ಪಳದವನ ಬಾಯಿಂದ ಬಂದದ್ದು ಒಂದೇ ಮಾತು, "ಯಪ್ಪಾ!" ಅವನ ಊರ ಕಡೆ ಹೊಲಕ್ಕೆ ಬರುವ ಜಿಂಕೆಗಳನ್ನು ಓಡಿಸಿ ಬೆಳೆದವನು ಅವನು. ಟವರ್ ಮೇಲಿಂದ ಸುಮ್ಮನೆ ನಿಂತು ನೋಡಿದ್ದು ಇದೇ ಮೊದಲಂತೆ.

ಕೃಷ್ಣಮೃಗ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಯಾರಿಂದ ತಪ್ಪಿಸಿಕೊಳ್ಳೋದಕ್ಕೆ ಇಷ್ಟು ವೇಗ? ಇವತ್ತು ಅಲ್ಲಿ ಅದನ್ನು ಅಟ್ಟುವ ಯಾವ ಪ್ರಾಣಿಗೂ ಅದರಷ್ಟು ಓಟ ಬರೋದಿಲ್ಲ. ಹಿಂದೆ ಇಲ್ಲಿ ಶಿವಂಗಿ ಇತ್ತು. ಚೀತಾಕ್ಕೆ ನಮ್ಮವರ ಹಳೆಯ ಹೆಸರು ಅದು. ಚಿರತೆ ಬೇರೆ, ಶಿವಂಗಿ ಬೇರೆ. ನಮ್ಮ ಜಿಲ್ಲೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಬಳಿ ಜಿಂಕೆ ಬೇಟೆಗೆ ಪಳಗಿಸಿದ ಶಿವಂಗಿಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವೂ ಇಂಗ್ಲಿಷರ ಪಾಲಾದವು. ಇಡೀ ದೇಶದಲ್ಲಿ ಇವುಗಳ ವಂಶ ಅಳಿದಿದೆ ಎಂದು ಘೋಷಿಸಿದ್ದು 1952ರಲ್ಲಿ. ಆಮೇಲೆ 2022ರ ಸೆಪ್ಟೆಂಬರ್ 17ರಂದು ಎಂಟು ಚೀತಾಗಳು ವಿಮಾನದಲ್ಲಿ ಬಂದು ಮಧ್ಯಪ್ರದೇಶದ ಕೂನೊ ಕಾಡಿಗೆ ಇಳಿದವು. ಎಲ್ಲಿಂದ ಬಂದವು ಅಂತೀರಿ? ನಮೀಬಿಯಾದಿಂದ. ನಾವು ಅಲ್ಲಿಗೆ ಹೋಗೋದಕ್ಕೆ ದುಡ್ಡು ಲೆಕ್ಕ ಹಾಕ್ತಿದ್ದೆವು, ಅವು ಅಲ್ಲಿಂದ ಇಲ್ಲಿಗೆ ಬಂದಾಗಿತ್ತು.

ಊರು ಸೇರುವಾಗ ಕತ್ತಲು. ದೊಡ್ಡಬಳ್ಳಾಪುರ ದಾಟುವಾಗ ವಿದ್ಯುತ್ ಮಗ್ಗಗಳ ಟಕಟಕ ಬಸ್ಸಿನೊಳಗೂ ಕೇಳಿಸುತ್ತಿತ್ತು. (ಆ ಊರ ಹೆಸರನ್ನು ಇಲ್ಲಿ ಬೇಕಂತಲೇ ಬರೆದಿಲ್ಲ. ಮುಂದೆ ಓದಿದರೆ ಯಾಕೆ ಅಂತ ತಿಳಿಯುತ್ತೆ. ಇನ್‌ಸ್ಟಾದಲ್ಲಿ ಮೆಸೇಜ್ ಮಾಡಿ ಕೇಳಬೇಡಿ.) ಅಮ್ಮ ಮುದ್ದೆ, ಬಸ್ಸಾರು ಬಡಿಸಿದರು. ತಾತ ಕಂಬಳಿ ಹೊದ್ದು ರೊಪ್ಪದ ಬಾಗಿಲಲ್ಲಿ ಕೂತಿದ್ದರು. ನಮ್ಮನ್ನು ನೋಡಿ ನಕ್ಕು, "ಏನ್ರಪ್ಪಾ, ನರಿ ನೋಡಾಕೆ ಬಂದವ್ರೆ ಇಂಜಿನಿಯರ್ ಸಾಹೇಬ್ರು! ನಾಕೂವರೆಗೆ ಏಳ್ಬೇಕು. ಸೆಂಟು ಗಿಂಟು ಒಡ್ಕಂಡು ಬರಬ್ಯಾಡಿ, ಅದುಕ್ಕೆ ವಾಸ್ನೆ ಗೊತ್ತಾಯ್ತದೆ" ಅಂದರು. ಮಂಡ್ಯದವನು ತನ್ನ ಬ್ಯಾಗಿನ ಡಿಯೋಡರೆಂಟನ್ನು ಮೆಲ್ಲಗೆ ಒಳಗೆ ತಳ್ಳಿದ.

"ತಾತ, ಅದು ಕುರಿಮರಿ ಹಿಡಿಯಲ್ವಾ?"

"ಅದ್ಯಾಕೆ ಇಡೀತದೆ? ಅದರ ಗಾತ್ರ ನೋಡಿದ್ಯಾ? ಇಲಿ, ಓತಿಕ್ಯಾತ, ಗೆದ್ಲು, ಎಲಚಿ ಅಣ್ಣು. ಇಷ್ಟೇ ಅದರ ಊಟ. ಮರಿ ಎತ್ಕಂಡು ಓಗೋದು ಬೀದಿ ನಾಯಿ. ಎಸರು ಮಾತ್ರ ನರೀದು."

ಬೆಳಗ್ಗೆ ಹೊರಟಾಗ ನಕ್ಷತ್ರ ಇನ್ನೂ ಇತ್ತು. ತಾತ ಮುಂದೆ, ಚಪ್ಪಲಿ ಸದ್ದಾಗುತ್ತೆ ಅಂತ ಬರಿಗಾಲು. ನಾವು ಹಿಂದೆ ಸಾಲಾಗಿ. ಟಿಟ್ಟಿಭ ಒಂದು ಎದ್ದು ಊರಿಗೆಲ್ಲ ಸುದ್ದಿ ಸಾರಿತು. ತಾತ ಅಲ್ಲೇ ನಿಂತುಬಿಟ್ಟರು. ಅದು ಬಾಯಿ ಮುಚ್ಚುವ ತನಕ ಒಂದು ಹೆಜ್ಜೆ ಇಡಲಿಲ್ಲ. ಕೊನೆಗೆ ಒಂದು ಲಂಟಾನ ಪೊದೆ ಹಿಂದೆ ಕೂರಿಸಿ, ಎದುರಿನ ದಿಬ್ಬದ ಕಡೆ ಬೆರಳು ತೋರಿಸಿದರು. ಬೆಳಕು ಹರಿಯುವವರೆಗೆ ಅಲ್ಲಿ ಏನೂ ಇರಲಿಲ್ಲ. ಕಾಲು ಜೋಮು ಹಿಡಿಯಿತು. ಸೊಳ್ಳೆ ಹೊಡೆಯೋ ಹಾಗಿಲ್ಲ.

ಆಮೇಲೆ ಮಣ್ಣಿಗೇ ಕಿವಿ ಬಂದ ಹಾಗೆ ಎರಡು ಕಿವಿ. ದೊಡ್ಡ ಕಿವಿ. ಗುಳ್ಳೆನರಿ ಬಿಲದಿಂದ ಎದ್ದು, ಮುಂಗಾಲು ಚಾಚಿ ಮೈ ಮುರಿದು, ನಮ್ಮ ಮನೆ ನಾಯಿ ಹಾಗೆ ಕುಂಡಿ ಊರಿ ಕೂತಿತು. ಸಣ್ಣ ಪ್ರಾಣಿ, ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಸಣ್ಣದು. ಬೂದು ಮೈ, ತೆಳ್ಳನೆ ಕಾಲು, ಬಾಲದ ತುದಿ ಮಾತ್ರ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪು. ಅದರ ಹಿಂದೆ ಒಂದು, ಎರಡು, ಮೂರು, ನಾಲ್ಕು ಮರಿ. ಒಂದರ ಮೇಲೊಂದು ಬಿದ್ದು ಕಿವಿ ಕಚ್ಚಿ ಕುಸ್ತಿ. ನಾಲ್ಕನೆಯದು ಸ್ವಲ್ಪ ಪುಕ್ಕಲು, ಬಿಲದ ಬಾಯಲ್ಲೇ ನಿಂತು ನೋಡುತ್ತಿತ್ತು. ಅಷ್ಟರಲ್ಲಿ ಇನ್ನೊಂದು ದೊಡ್ಡ ನರಿ ಹೊಲದ ಕಡೆಯಿಂದ ಬಾಯಲ್ಲಿ ಇಲಿ ಕಚ್ಚಿಕೊಂಡು ಓಡಿ ಬಂತು. ಗಂಡೂ ಹೆಣ್ಣೂ ಸೇರಿ ಮರಿ ಸಾಕುವ ಜಾತಿ ಇದು. ಇಲಿಗೆ ಬಿದ್ದ ಜಗಳದಲ್ಲಿ ಪುಕ್ಕಲು ಮರಿಗೆ ಬಾಲ ಮಾತ್ರ ಸಿಕ್ಕಿತು. ಕಲಹಾರಿಯಲ್ಲಿ ಬಾವಲಿ ಕಿವಿಯ ನರಿ ಅಂತ ಒಂದಿದೆ, ನೆಲದೊಳಗಿನ ಗೆದ್ದಲಿನ ಸದ್ದು ಕೇಳಿ ಅಗೆದು ತಿನ್ನುತ್ತೆ. ಅದರ ವಿಡಿಯೋವನ್ನು ನಾವು ಮೂರು ಸಲ ನೋಡಿದ್ದೆವು. ನಮ್ಮದೇ ಊರಿನ ನರಿಯನ್ನು ನೋಡುತ್ತಿದ್ದದ್ದು ಇದೇ ಮೊದಲು. ನಾಲ್ಕು ಜನರಲ್ಲಿ ಒಬ್ಬನೂ ಫೋನ್ ತೆಗೆಯಲಿಲ್ಲ. ಅದು ನಮ್ಮ ಒಳ್ಳೆಯತನ ಅಂದುಕೊಳ್ಳಬೇಡಿ. ತೆಗೆದರೆ ತಾತ ದೊಣ್ಣೆ ಎತ್ತುತ್ತಿದ್ದರು.

ಬಿಸಿಲು ಬಂದು ನರಿಗಳು ಒಳಗೆ ಹೋದ ಮೇಲೆ ಕೊಪ್ಪಳದವನು ನಮ್ಮ ತೋಳು ಹಿಡಿದು ಜಗ್ಗಿದ. ಬಿಲದಿಂದ ಹದಿನೈದು ಹೆಜ್ಜೆ ಆಚೆ ಒಂದು ಬಂಡೆ. ಬಂಡೆ ಮೇಲೆ ಕೆಂಪು ಪೇಂಟಿನ ಬಾಣದ ಗುರುತು, ಪಕ್ಕದಲ್ಲಿ ಟಿಬಿಎಂ-3. ಅದು ಅವನದೇ ಅಕ್ಷರ.

ಫೆಬ್ರವರಿಯಲ್ಲಿ ಎಂಟು ದಿನ ಆ ಬಂಡೆಯ ಪಕ್ಕದಲ್ಲೇ ಸ್ಟ್ಯಾಂಡ್ ಊರಿ, ಪ್ರಿಸಂ ಹಿಡಿದವನಿಗೆ "ಎಡಕ್ಕೆ, ಎಡಕ್ಕೆ" ಅಂತ ಕಿರುಚಿದ್ದೆವು. ಬಿಲ ಕಂಡಿದ್ದರೂ ಹೆಗ್ಗಣದ್ದು ಅಂದುಕೊಂಡಿರುತ್ತೇವೆ. ಕ್ಯಾಂಪ್ ಮುಗಿದು ಶೀಟ್ ಬರೆಯುವಾಗ ರಸ್ತೆ, ಕೆರೆ, ತೆಂಗಿನ ತೋಟ, ನೀಲಗಿರಿ ಎಲ್ಲಕ್ಕೂ ಒಂದೊಂದು ಬಣ್ಣ ಕೊಟ್ಟು, ಉಳಿದ ಜಾಗಕ್ಕೆಲ್ಲ ಆಟೋಕ್ಯಾಡಿನಲ್ಲಿ ಒಂದೇ ಹ್ಯಾಚ್ ಎಳೆದು ಲೆಜೆಂಡಿನಲ್ಲಿ "ಪಾಳು ಭೂಮಿ" ಅಂತ ಬರೆದಿದ್ದೆವು. ಅದರ ಮೇಲೇ ನಮ್ಮ ಪ್ರಾಜೆಕ್ಟಿನ ಬಡಾವಣೆ: ಮೂವತ್ತು-ನಲವತ್ತರ ಸೈಟುಗಳು, ಒಂದು ಪಾರ್ಕು. ಲೆಕ್ಕ ಹಾಕಿ ನೋಡಿದರೆ ನರಿ ಬಿಲ ಬರೋದು ಪಾರ್ಕಿನ ಮೂಲೆಯಲ್ಲಿ, ಜೋಕಾಲಿಯ ಕೆಳಗೆ.

"ಆಗಲೂ ಇತ್ತಾ ತಾತ, ಇದು?"

"ಇತ್ತು ಕಣಪ್ಪ. ನಿಮ್ಮ ಗಲಾಟೆಗೆ ಈಚೆಗೆ ಬತ್ತಿರ್ನಿಲ್ಲ. ರಾತ್ರಿ ಬಂದು ನೀವು ಬಿಸಾಕಿದ್ದ ಬಿಸ್ಕೆಟ್ ತಿಂದ್ಕಂಡು ಓಯ್ತಿತ್ತು."

ದೊಡ್ಡಬಳ್ಳಾಪುರದವನು ಬಂಡೆ ಮೇಲೆ ಕೂತು ಆ ಪೇಂಟನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ಅವನ ಮೌನ ನಮಗೆ ಅರ್ಥವಾದದ್ದು ತಿಂಡಿ ಹೊತ್ತಿಗೆ. ಕುರಿ ಮೇಯುವ ಗೋಮಾಳ ದಿಬ್ಬದ ಆಚೆ ಬದಿ. ಬಿಲ ಇರೋದು ಅವರದೇ ಜಮೀನಿನಲ್ಲಿ, ಒಂದು ಎಕರೆ ಹತ್ತು ಗುಂಟೆ. ಮಳೆ ನಂಬಿ ರಾಗಿ ಬಿತ್ತಿ ಸಾಕಾಗಿ ನಾಲ್ಕೈದು ವರ್ಷದಿಂದ ಬೀಳು ಬಿಟ್ಟಿದ್ದಾರೆ. ಅವನ ಅಪ್ಪ ಚಿತ್ರಾನ್ನದ ತಟ್ಟೆ ನೋಡಿಕೊಂಡೇ ಹೇಳಿದರು: "ಅಡ್ವಾನ್ಸ್ ಈಸ್ಕಂಡಾಗೈತೆ. ಬಡಾವಣೆಯವ್ರು. ಇವನ ಫೀಸು ಇದೆ, ಇವನ ಅಕ್ಕನ ಮದುವೆ ಸಾಲ ಇದೆ. ನರಿಗೆ ಅಂತ ಇಟ್ಕಳಾಕಾಯ್ತದಾ?"

ನಮಗೆ ಉತ್ತರ ಇರಲಿಲ್ಲ. ಮಂಡ್ಯದವನು ಏನೋ ಹೇಳೋಕೆ ಬಾಯಿ ತೆರೆದು, ಚಟ್ನಿ ಕೇಳಿದ. ಬಸ್ಸಿನಲ್ಲಿ ವಾಪಸ್ ಬರುವಾಗ ದೊಡ್ಡಬಳ್ಳಾಪುರದವನು ತಾನಾಗೇ ಹೇಳಿಕೊಂಡ. ಪಕ್ಕದ ಹತ್ತು ಗುಂಟೆ ಅವನು ಕಾಲೇಜು ಸೇರಿದ ವರ್ಷವೇ ಹೋಗಿದೆ. ಮೊದಲ ವರ್ಷದ ಫೀಸು, ಹಾಸ್ಟೆಲ್ ಡಿಪಾಸಿಟ್, ಮನೆಯ ಹಳೇ ಸಾಲ ಎಲ್ಲ ಅದರಿಂದ ಬಂದದ್ದು. "ಲ್ಯಾಪ್‌ಟಾಪೂ" ಅಂದ. ನಾವು ದಿನಾ ರಾತ್ರಿ ಬಕೆಟ್ ಮೇಲಿಟ್ಟು ನಮೀಬಿಯಾ ನೋಡುತ್ತಿದ್ದದ್ದು ಅವನ ಲ್ಯಾಪ್‌ಟಾಪ್.

ಆ ವಾರ ಯಾರೂ ಲೈವ್ ಹಾಕಲಿಲ್ಲ.

ಏನು ಮಾಡೋಣ ಅಂತ ರೂಮಿನಲ್ಲಿ ಬೇಕಾದಷ್ಟು ಚರ್ಚೆ ಆಯಿತು. ಅರಣ್ಯ ಇಲಾಖೆಗೆ ಹೇಳೋಣ ಅಂದ ಹಾಸನ. ಹೇಳಿದರೆ ಮಾರಾಟ ನಿಂತು ಇವನ ಮನೆಯವರಿಗೆ ತೊಂದರೆ ಆದರೆ? ಹೆಸರಘಟ್ಟ ನಮ್ಮ ತಾಲ್ಲೂಕಿನ ಗಡಿಗೇ ಇದೆ. ಅಲ್ಲಿಯ ಹುಲ್ಲುಗಾವಲಿನಲ್ಲಿ ಒಮ್ಮೆ ಫಿಲ್ಮ್ ಸಿಟಿ ಮಾಡುವ ಮಾತಿತ್ತು. ಪಕ್ಷಿಪ್ರಿಯರು ವರ್ಷಗಟ್ಟಲೆ ಓಡಾಡಿ ಅದನ್ನು ಉಳಿಸಿಕೊಳ್ಳಬೇಕಾಯಿತು. ಅದು ಸರ್ಕಾರಿ ಜಾಗ, ಸಾವಿರಾರು ಎಕರೆ. ಇದು ಒಬ್ಬ ರೈತನ ಒಂದು ಎಕರೆ ಹತ್ತು ಗುಂಟೆ. ಕಡೆಗೆ ಕೇಳಿಕೊಂಡದ್ದು ಇಷ್ಟೇ: ಮರಿಗಳು ದೊಡ್ಡವಾಗಿ ಬಿಲ ಬಿಡುವ ತನಕ ಜೆಸಿಬಿ ಬರದ ಹಾಗೆ ನೋಡಿಕೊಳ್ಳೋಕಾಗುತ್ತಾ? ನಾಲ್ಕೈದು ತಿಂಗಳು ಸಾಕು. ಅವನು ಅಪ್ಪನಿಗೆ ಫೋನ್ ಮಾಡಿದ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "11-ಇ ನಕ್ಷೆ ಇನ್ನೂ ಬಂದಿಲ್ಲ. ಅದು ಬರೋ ಒತ್ಗೆ ಆಷಾಢ. ಆಷಾಢದಾಗೆ ಯಾರು ಭೂಮಿಪೂಜೆ ಮಾಡ್ತಾರೆ? ಶ್ರಾವಣಕ್ಕೇ ನೋಡ್ಕಳಿ ಅಂತೀನಿ" ಅಂದರಂತೆ. ಜಮೀನಿನ ಭಾಗ ಮಾರೋಕೆ 11-ಇ ನಕ್ಷೆ ಬೇಕು ಅಂತ ನಾವು ಸರ್ವೆ ಪೇಪರಿಗೆ ಓದಿದ್ದೆವು. ಅದು ತಡವಾದರೆ ನರಿಗೆ ಅನುಕೂಲ ಅಂತ ಓದಿರಲಿಲ್ಲ.

ಏಪ್ರಿಲ್‌ನಲ್ಲಿ ರಿಪೋರ್ಟ್ ಕೊಡಬೇಕಿತ್ತು. ಆ ಹ್ಯಾಚನ್ನು ಅಳಿಸಿ ಮತ್ತೆ ಬರೆದೆವು. ತಾತನಿಗೆ ಫೋನ್ ಮಾಡಿ ಎಲ್ಲಿ ಯಾವ ಹುಲ್ಲು, ಯಾವ ತಿಂಗಳು ಕುರಿ ಎಲ್ಲಿ ಮೇಯುತ್ತೆ, ಹೊಲದ ಇಲಿಗೆ ನರಿ ಯಾವ ದಾರಿಯಲ್ಲಿ ಇಳಿಯುತ್ತೆ ಅಂತ ಕೇಳಿಕೊಂಡೆವು. "ಪಾಳು ಭೂಮಿ" ಹೋಗಿ ಮೂರು ಬಣ್ಣ ಬಂತು: ಕುರಿ ಮೇಯುವ ಹುಲ್ಲು, ಬೀಳು ಬಿಟ್ಟ ರಾಗಿ ಹೊಲ, ಕಲ್ಲು ದಿಬ್ಬ. ಬಡಾವಣೆಯನ್ನು ನೀಲಗಿರಿ ತೋಪಿನ ಕಡೆ ಸರಿಸಿದೆವು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿದೆ, ಅದು ಹೋದರೆ ಯಾರೂ ಅಳೋದಿಲ್ಲ ಅನ್ನೋದು ನಮ್ಮ ವಾದ. ವೈವಾದಲ್ಲಿ ಸರ್ ಶೀಟನ್ನು ಮೇಲೆ ಕೆಳಗೆ ನೋಡಿ, "ಇದೇನ್ರೋ ಇದು, ಚುಕ್ಕೆ ಚುಕ್ಕೆ ಗೆರೆ? ಪೈಪ್‌ಲೈನಾ?" ಅಂದರು.

"ನರಿ ಓಡಾಡೋ ದಾರಿ, ಸರ್."

ಅವರು ಕನ್ನಡಕ ತೆಗೆದು ನಮ್ಮನ್ನು ನೋಡಿದರು. "ಇದಕ್ಕೆ ಐಎಸ್ ಕೋಡಲ್ಲಿ ಸಿಂಬಲ್ ಇದೆಯಾ?" ಅಂತ ಕೇಳಿ, ಸಹಿ ಹಾಕಿದರು. ಮಾರ್ಕ್ಸ್ ಹೆಚ್ಚಾಗಲೂ ಇಲ್ಲ, ಕಮ್ಮಿಯಾಗಲೂ ಇಲ್ಲ.

ಈಗ ಆಷಾಢದಲ್ಲಿ ಇನ್ನೊಂದು ಸಲ ಹೋಗಿದ್ದೆವು. ಒಂದೆರಡು ಮಳೆ ಬಿದ್ದು ಬಯಲೆಲ್ಲ ಹಸಿರು. ಬಿಲದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಟಿಬಿಎಂ-3 ಅರ್ಧ ಮಾಸಿದೆ. ಪೊದೆ ಹಿಂದೆ ಕೂತು ಎಂಟು ಗಂಟೆವರೆಗೆ ಕಾದೆವು. ಒಂದು ನೀಲಕಂಠ, ಎರಡು ಮೊಲ, ತಾತನ ಕುರಿಗಳು. ನರಿ ಇಲ್ಲ. ಗೋಮಾಳದ ಆಚೆ ಬದಿಯಲ್ಲಿ ಹೋದ ವಾರ ಮೂರು ಮರಿ ಕಂಡವು ಅಂತ ತಾತ ಹೇಳಿದರು.

"ನಾಲ್ಕಿದ್ವಲ್ಲ ತಾತ?"

"ಮೂರೇ ಕಂಡಿದ್ದು."

ಪುಕ್ಕಲು ಮರಿ ಅಲ್ಲೇ ಎಲ್ಲೋ ಹುಲ್ಲಿನಲ್ಲಿ ಕೂತು ನಮ್ಮನ್ನೇ ನೋಡುತ್ತಿರಬಹುದು ಅಂದ ಕೊಪ್ಪಳ. ಯಾರೂ ಇಲ್ಲ ಅನ್ನಲಿಲ್ಲ. ವಾಪಸ್ ಬರುವ ದಾರಿಯಲ್ಲಿ ಜಮೀನಿನ ನಾಲ್ಕು ಮೂಲೆಗೂ ಹೊಸ ಕಲ್ಲು ನೆಟ್ಟಿರೋದು ಕಾಣಿಸಿತು. 11-ಇ ನಕ್ಷೆ ಬಂದಿದೆ. ಶ್ರಾವಣದ ಎರಡನೇ ವಾರ ರಿಜಿಸ್ಟ್ರೇಷನ್. ಏಳನೇ ಸೆಮ್ ಫೀಸು ಕಟ್ಟೋಕೆ ಕೊನೆಯ ದಿನವೂ ಅದೇ ವಾರ.